ಟ್ಯೂಷನ್ ಮೇಷ್ಟ್ರ ಫ್ಲೆಕ್ಸ್

ಸೋಮವಾರ, ಬೆಳಗ್ಗೆ ಹತ್ತು ಗಂಟೆ. ಶಿವಮೊಗ್ಗದ ರವೀಂದ್ರನಗರದಲ್ಲಿ ನಮ್ಮ ಮನೆ. ಹಾಜರಿದ್ದವರು: ನಿವೃತ್ತ ಟೀಚರಾದ ನಾನು, ಭದ್ರಾವತಿಯಲ್ಲಿ ನಾನು ಪಾಠ ಹೇಳಿದ್ದ ಹಳೆಯ ವಿದ್ಯಾರ್ಥಿನಿ, ಅವಳ ವಕೀಲರು. (ಹೆಸರು ಹೇಳುವುದಿಲ್ಲ. ಮಗುವಿನ ಗುರುತು ಹೊರಬೀಳಬಾರದು.)

ಮಗಳ ವಿಷಯದಲ್ಲಿ ಟ್ಯೂಷನ್ ಮೇಷ್ಟ್ರ ಮೇಲೆ ಆಕೆ ಪೋಕ್ಸೊ ದೂರು ಕೊಟ್ಟಿದ್ದಳು. ಕೆಳಗಿನ ಕೋರ್ಟು ವಿಚಾರಣೆಯನ್ನೇ ನಡೆಸದೆ ಆತನನ್ನು ಕೇಸಿನಿಂದ ಕೈಬಿಟ್ಟಿತು. ಕಾರಣ? ದೂರು ತಡವಾಯಿತಂತೆ. ಹೆದರಿದ ಮಗು ಗಡಿಯಾರ ನೋಡಿಕೊಂಡು ಬಾಯಿ ಬಿಡುತ್ತದೆಯೇ?

ಆ ಆದೇಶವನ್ನು ಹೈಕೋರ್ಟ್ ಈಗ ರದ್ದು ಮಾಡಿದೆ.

"ಇದು ಶಿಕ್ಷೆ ಅಲ್ಲ ಮೇಡಂ. ಮೊದಲು ಮಗು ಮಾತು ಕೇಳಿ, ಸಾಕ್ಷಿ ನೋಡಿ, ಆಮೇಲೆ ತೀರ್ಮಾನ ಮಾಡಿ ಅಂದಿದ್ದಾರೆ. ಅಷ್ಟೇ" ಎಂದರು ವಕೀಲರು.

ಅಷ್ಟೇ! ಅಷ್ಟಕ್ಕಾಗಿ ಒಬ್ಬ ತಾಯಿ ಬೆಂಗಳೂರಿಗೆ ಅಲೆಯಬೇಕಾಯಿತು.

ಆಕೆಯ ಮುಖದಲ್ಲಿ ಮಾತ್ರ ಗೆಲುವಿರಲಿಲ್ಲ. "ಮಿಸ್, ನಮ್ಮ ಬೀದೀಲಿ ಆ ಮೇಷ್ಟ್ರ ಫ್ಲೆಕ್ಸ್ ಇನ್ನೂ ಇದೆ. ಅದಿರೋವರ್ಗೂ ಸ್ಕೂಲಿಗೆ ಹೋಗಲ್ಲ ಅಂತಾಳೆ ಮಗಳು."

ಮಧ್ಯಾಹ್ನದ ಬಸ್ಸು ಹತ್ತಿ ಭದ್ರಾವತಿಗೆ ಹೋಗಿ ನೋಡಿದೆ. ಅವರ ಬೀದಿಯ ತಿರುವಿನಲ್ಲೇ, ಆಳೆತ್ತರದ ಫೋಟೊ. ಪೇಟ, ಶಾಲು, ಕೈಮುಗಿದು ನಗುವ ಮೇಷ್ಟ್ರು. 'ಸತ್ಯಕ್ಕೆ ಸಂದ ಜಯ. ಶುಭ ಕೋರುವವರು: ಗೆಳೆಯರ ಬಳಗ.' ನಮ್ಮಲ್ಲಿ ಹುಟ್ಟುಹಬ್ಬಕ್ಕೂ ಫ್ಲೆಕ್ಸ್, ಸಾವಿಗೂ ಫ್ಲೆಕ್ಸ್. ಈಗ ಕೆಳಗಿನ ಕೋರ್ಟಿನ ಆದೇಶಕ್ಕೂ! ಆ ಮಗು ಬ್ಯಾಗ್ ಹೊತ್ತು ದಿನಾ ಅದರ ಕೆಳಗೇ ನಡೆಯಬೇಕು.

ಆತ ತಪ್ಪು ಮಾಡಿದ್ದಾನೋ ಇಲ್ಲವೋ, ನನಗೂ ಗೊತ್ತಿಲ್ಲ. ಅದಕ್ಕೇ ಅಲ್ಲವೇ ವಿಚಾರಣೆ ಇರುವುದು?

ಬಳಗದ ಮುಖಂಡ ಎದುರಿನ ಬೇಕರಿಯವನು. "ಅದನ್ನ ಇಳಿಸಪ್ಪ" ಎಂದೆ.

"ಅಯ್ಯೋ ಮೇಡಂ, ಕೇಸ್ ಇನ್ನೂ ಮುಗಿದಿಲ್ವಲ್ಲ. ಈಗ್ಲೇ ಇಳಿಸಿದ್ರೆ ತಪ್ಪು ಒಪ್ಕೊಂಡಂಗೆ ಆಗಲ್ವಾ?"

"ಮುಗಿಯೋಕ್ಕೆ ಮುಂಚೆ ಏರಿಸಿದ್ಯಾಕೆ?"

ಅಲ್ಲೇ ಟೀ ಕುಡಿಯುತ್ತಿದ್ದ ನನ್ನ ಇನ್ನೊಬ್ಬ ಹಳೆಯ ವಿದ್ಯಾರ್ಥಿ ನಕ್ಕ. "ಇಳ್ಸು ಮಾರಾಯ. ಹೋಂವರ್ಕ್ ನೋಡ್ದೆ ನಮ್ಮ ಮಿಸ್ ಯಾವತ್ತೂ ಜಾಗ ಬಿಟ್ಟವರಲ್ಲ."

ಬಿಡಲಿಲ್ಲ. ಬಿಸಿಲಲ್ಲೇ ನಿಂತೆ. ಕೊನೆಗೆ ಏಣಿ ಬಂತು, ಹಗ್ಗ ಬಿಚ್ಚಿದರು, ಮೇಷ್ಟ್ರು ನೆಲಕ್ಕಿಳಿದರು. ಅಂದಿನ ಕೆಲಸ ಅಲ್ಲಿಗೆ ಮುಗಿಯಿತು.

ಬೇಕರಿಯವನು ಫ್ಲೆಕ್ಸನ್ನು ಜೋಪಾನವಾಗಿ ಸುತ್ತಿ ಒಳಗಿಟ್ಟ. "ಇರ್ಲಿ ಮೇಡಂ, ಮುಂದೆ ಬೇಕಾಗುತ್ತೆ."

ಮಗು ಇನ್ನೂ ಸಾಕ್ಷಿಕಟ್ಟೆ ಹತ್ತಿಲ್ಲ. ಇವರ ತೀರ್ಪು ಆಗಲೇ ಪ್ರಿಂಟ್ ಆಗಿ ಕೂತಿದೆ!