ಅನುಸೂಯಕ್ಕ ಮತ್ತು ಮೊಳೆಯದ ಶೇಂಗಾ

ಬೆಳಗಿನ ಆರು ಗಂಟೆ. ಹಿರಿಯೂರಿನಿಂದ ಧರ್ಮಪುರಕ್ಕೆ ಹೊರಟ ಮೊದಲ ಸರ್ಕಾರಿ ಬಸ್ಸಿನ ಕಿಟಕಿ ಪಕ್ಕ ಅನುಸೂಯ ಕುಳಿತಿದ್ದಾರೆ. ತೊಡೆಯ ಮೇಲಿನ ಚೀಲದಲ್ಲಿ ಭೂತಗನ್ನಡಿ, ಆಯಸ್ಕಾಂತ, ಯಾವುದೋ ಹಕ್ಕಿ ಬಿಟ್ಟುಹೋದ ಗೂಡು. ಕಂಡಕ್ಟರ್ ಇಣುಕಿ ನೋಡಿ, "ಈ ಹಕ್ಕಿದೂ ಆಧಾರ್ ಕಾರ್ಡ್ ತೋರಿಸ್ರಿ ಅಕ್ಕ" ಎನ್ನುತ್ತಾನೆ. "ಖಾಲಿ ಮನೆ ಕಣಪ್ಪ, ಯಾರೂ ಇಲ್ಲ" ಎಂದು ಅವರು ನಗುತ್ತಾರೆ.

ಜವನಗೊಂಡನಹಳ್ಳಿಯಲ್ಲಿ ಹತ್ತೊಂಬತ್ತು ವರ್ಷ ಅಂಗನವಾಡಿ ನಡೆಸಿದವರು ಅನುಸೂಯ. ಈಗ ಏಳು ವರ್ಷಗಳಿಂದ ಬೇರೆ ಅಂಗನವಾಡಿಗಳ ಟೀಚರುಗಳಿಗೆ ಜೊತೆಗಾತಿ. ಮುಟ್ಟಿ, ಮೂಸಿ, ನೋಡಿ ಕಲಿಯುವ ವಿಜ್ಞಾನವನ್ನು ಪುಟ್ಟ ಮಕ್ಕಳ ನಡುವೆ ತರುವುದು ಹೇಗೆಂದು ತೋರಿಸುತ್ತಾರೆ. ಮೂವತ್ತೊಂದು ಕೇಂದ್ರ, ದಿನಕ್ಕೆರಡು. ಬಸ್ಸಿಲ್ಲದ ಕಡೆ ನಡಿಗೆ. ಅದಕ್ಕಿಂತ ಕಷ್ಟ ಟೀಚರುಗಳ ಅಂಜಿಕೆ. "ನಾನು ಬರ್ತೀನಿ ಅಂದ್ರೆ ಮಕ್ಕಳ ಮೂಗು ಒರೆಸಿ ಸಾಲಾಗಿ ಕೂರಿಸಿರ್ತಾರೆ. ನನಗೆ ಬೇಕಾಗಿರೋದು ಗಲಾಟೆ."

ಇಂದು ಧರ್ಮಪುರದ ಪಕ್ಕದ ಹಳ್ಳಿ. ಆರು ತಿಂಗಳ ಹಿಂದೆ ಕೆಲಸಕ್ಕೆ ಸೇರಿದ ಟೀಚರ್ ಸರ್ವಮಂಗಳ ಹೋದ ವಾರ ಫೋನಿನಲ್ಲಿ, "ವಿಜ್ಞಾನ ನನ್ನ ಕೈಲಾಗಲ್ಲ ಅಕ್ಕ, ಬಿಟ್ಬಿಡ್ತೀನಿ" ಎಂದಿದ್ದರು. ಈಗ ಅವರ ಮುಂದಿನ ಒದ್ದೆ ಬಟ್ಟೆಯ ಮೇಲೆ ಶೇಂಗಾಬೀಜಗಳು ಚೆಂದಕ್ಕೆ ಮೊಳೆತಿವೆ.

"ನಾವು ಬಟ್ಟೇಲಿ ಕಟ್ಟಿದ್ದು ಇವಲ್ಲ. ನಮ್ಮವು ಹುಟ್ಟಲೇ ಇಲ್ಲ," ನಾಲ್ಕು ವರ್ಷದ ಮಾನಸ ಹೇಳಿಯೇ ಬಿಡುತ್ತಾಳೆ.

ಸರ್ವಮಂಗಳ ತಲೆ ತಗ್ಗಿಸುತ್ತಾರೆ. ಹುಳ ಬೀಳದಿರಲೆಂದು ಸಹಾಯಕಿ ಗಿರಿಯಮ್ಮ ಬೆಚ್ಚಗೆ ಹುರಿದಿಟ್ಟಿದ್ದ ಬೀಜಗಳನ್ನೇ ಅವರು ಗೊತ್ತಿಲ್ಲದೆ ಮಕ್ಕಳ ಕೈಯಲ್ಲಿ ಮೊಳಕೆ ಕಟ್ಟಿಸಿದ್ದರಂತೆ. ಶೇಂಗಾ ಬೆಳೆಯುವ ಊರಿನಲ್ಲಿ ಇಂಥ ತಪ್ಪು! ಅನುಸೂಯ ಬರುವರೆಂದು ಹೆದರಿ, ಬೆಳಗ್ಗೆ ಮನೆಯಿಂದ ಮೊಳಕೆ ತಂದು ಬದಲಿಸಿದ್ದಾರೆ.

"ಹುಟ್ಟದೇ ಇರೋವೇ ನನಗೆ ಬೇಕು. ಎಲ್ಲವೆ?" ಎನ್ನುತ್ತಾರೆ ಅನುಸೂಯ.

"ತಿಪ್ಪೆಗೆ ಹಾಕೀನಿ ತಾಯಿ. ನೀವು ಬೇಕು ಅಂತೀರ ಅಂತ ನನಗೇನು ಕನಸು ಬಿದ್ದಿತ್ತಾ?" ಗೊಣಗುತ್ತಲೇ ಹೋಗಿ ಗಿರಿಯಮ್ಮ ಆರಿಸಿ ತರುತ್ತಾರೆ.

ಎರಡೂ ಬಗೆಯ ಬೀಜಗಳು ಅಕ್ಕಪಕ್ಕ ಕೂರುತ್ತವೆ. "ಹುರಿದ್ರೆ ಅದರ ಜೀವ ಹೋಗ್ತೈತೆ," ಎಂದ ಮಾನಸ ಕೇಳುತ್ತಾಳೆ: "ಮಿಸ್, ಜೀವ ಎಲ್ಲಿತ್ತು?"

ಅಜ್ಜಿಯರ ಕತೆಯಲ್ಲಾದರೆ ರಾಕ್ಷಸನ ಪ್ರಾಣ ಏಳು ಕಡಲಾಚೆಯ ಗಿಳಿಯಲ್ಲಿರುತ್ತದೆ. ಶೇಂಗಾಬೀಜದ ಪ್ರಾಣ? ಸರ್ವಮಂಗಳ ಅನುಸೂಯರತ್ತ ನೋಡುತ್ತಾರೆ. ಅವರು ಕೇಳಿಸದವರಂತೆ ಗೂಡಿನ ಕಡ್ಡಿ ಸರಿಮಾಡುತ್ತಿದ್ದಾರೆ.

"ನನಗೂ ಗೊತ್ತಿಲ್ಲ ಕಣವ್ವ," ಸರ್ವಮಂಗಳ ಮೆಲ್ಲಗೆ ಹೇಳುತ್ತಾರೆ. "ಮನೆಯಿಂದ ತಂದವುಗಳಾಗೆ ಇನ್ನೂ ಮೊಳೀದಿರೋ ಹಸಿ ಬೀಜ ಒಂದು ಐತೆ, ಬಿಡಿಸಿ ನೋಡಾಣ."

ಎರಡು ಬೇಳೆಗಳ ನಡುವೆ, ಮರಿಹಕ್ಕಿಯ ಕೊಕ್ಕಿನಷ್ಟು ಚೂಪಾದ ಪುಟ್ಟ ಮೂತಿ. ಭೂತಗನ್ನಡಿಯ ಮೇಲೆ ಇಪ್ಪತ್ತೆರಡು ತಲೆಗಳು ಮುಗಿಬೀಳುತ್ತವೆ. ಟೀಚರದು ಇಪ್ಪತ್ತಮೂರನೆಯದು.

"ಅಕ್ಕ, ನಿಮ್ಮ ಬಸ್ಸಿಗೆ ಹೊತ್ತಾತು, ಹೊರಡ್ರಿ. ನಮ್ದು ಇನ್ನೂ ಐತೆ," ತಲೆಯೆತ್ತದೆಯೇ ಹೇಳುತ್ತಾರೆ ಸರ್ವಮಂಗಳ.

ಅಂಗಳದಲ್ಲಿ ಚಪ್ಪಲಿ ಮೆಟ್ಟುತ್ತಾ ಅನುಸೂಯ ಗಿರಿಯಮ್ಮನಿಗೆ ಹೇಳುತ್ತಾರೆ: "ಬರ್ರಿ ಅನ್ನೋರು ಬಾಳ ಜನ ಅವ್ರೆ. ಇವರ ಬಾಯಾಗೆ ಹೊರಡ್ರಿ ಅನ್ನಿಸ್ಕಳಾಕೆ ನನಗೆ ಆರು ತಿಂಗಳು ಬೇಕಾತು."