ಸೀಟು ಹಿಡಿದ ಕಾದಂಬರಿ

ಈ ವರ್ಷ ಏನೇನು ಓದಿದೆವೆಂದು ಗೆಳತಿಯರೆಲ್ಲ ವಾಟ್ಸಾಪ್ ಗುಂಪಿನಲ್ಲಿ ಬರೆಯತೊಡಗಿದಾಗ ನಾನು ಚೀಲ ತೆರೆದು ನೋಡಿದೆ. ಜನವರಿಯಲ್ಲಿ ಹಿಡಿದ ದಪ್ಪ ಕಾದಂಬರಿ ಡಿಸೆಂಬರಿನಲ್ಲೂ ಅಲ್ಲೇ ಇತ್ತು.

ಹಾಗಂತ ಅದೇನು ಸುಮ್ಮನೆ ಬಿದ್ದಿರಲಿಲ್ಲ. ಬೈಲಹೊಂಗಲದಲ್ಲಿ ಬೆಳಗಾವಿ ಬಸ್ಸು ಬಂದೊಡನೆ ಎಲ್ಲರೂ ಕಿಟಕಿಯಿಂದ ಒಳಕ್ಕೆ ಟವೆಲ್ಲು, ಕರ್ಚೀಫು ಒಗೆದು ಸೀಟು ಹಿಡಿಯುತ್ತಾರೆ. ನಾನು ಓದುವವಳಲ್ಲವೇ, ಕಾದಂಬರಿ ಒಗೆಯುತ್ತಿದ್ದೆ. ಆಮೇಲೆ ನುಗ್ಗಿ ಹತ್ತಿ, ಪುಸ್ತಕವನ್ನು ತೊಡೆಯ ಮೇಲೆ ತೆರೆದಿಟ್ಟು, ಊರು ದಾಟುವುದರೊಳಗೆ ನಿದ್ದೆ ಹೋಗುತ್ತಿದ್ದೆ.

ಸವದತ್ತಿಯಿಂದಲೇ ಕಿಟಕಿ ಪಕ್ಕ ಕೂತು ಬರುವ, ಬ್ಯಾಂಕಿನಲ್ಲಿ ಕೆಲಸ ಮಾಡುವ ಅಕ್ಕನೊಬ್ಬರು ಮೊನ್ನೆ ಕೇಳಿದರು: "ಅಲ್ರೀ ಅಕ್ಕಾರ, ಆ ಸೊಸಿ ಕಡೀಗೆ ಮನಿ ಬಿಟ್ಟು ಹೋಗಿದ್ದು ನಿಮಗ ಸರಿ ಅನಸ್ತೇನ್ರಿ?"

"ಯಾವ ಸೊಸಿ ರೀ?" ಎಂದುಬಿಟ್ಟೆ.

ಅವರು ನನ್ನ ತೊಡೆಯತ್ತ ಬೆರಳು ಮಾಡಿದರು. "ಇದರಾಗಿನಾಕಿರಿ. ನೀವು ಮಕ್ಕೊಂಡ ಮ್ಯಾಲೆ ದಿನಾ ಇಷ್ಟಿಷ್ಟು ಓದ್ತಿದ್ದೆ. ನಿನ್ನೆ ಮುಗೀತು."

ನಾಚಿಕೆ ಬಿಟ್ಟು ಪೂರ್ತಿ ಕತೆ ಕೇಳಿಕೊಂಡೆ; ಗುಂಪಿನಲ್ಲಿ ಬರೆಯಬೇಕಿತ್ತಲ್ಲ.

ಇಳಿಯುವಾಗ ಅವರೆಂದರು: "ಹೊಸ ವರ್ಷಕ್ಕ ಬ್ಯಾರೆ ಪುಸ್ತಕ ಒಗೀರಿ. ಆದ್ರ ತೆಳ್ಳಂದು ಒಗೀರಿ, ಇದು ಭಾಳ ಸಲ ನನ್ನ ತಲೀಗೆ ಬಡದೈತಿ."