ಹಸಿರು ಪಟ್ಟಿಯ ಹೆಬ್ಬಾತನ್ನು ಹುಡುಕಿ ಹದಿನಾರಿಗೆ

ಜನವರಿಯ ಆ ಭಾನುವಾರ ಬೆಳಗಿನ ಐದೂವರೆಗೆ ಕುಂಬಾರಕೊಪ್ಪಲಿನ ನಮ್ಮ ಮನೆ ಮುಂದೆ ಆಟೋ ಬಂದು ನಿಂತಾಗ ನಾನು ಆಗಲೇ ಎರಡು ಸಲ ಚೀಲ ಬಿಚ್ಚಿ ಕಟ್ಟಿದ್ದೆ. ದುರ್ಬೀನು ಇದೆ, ಟಿಪ್ಪಣಿ ಪುಸ್ತಕ ಇದೆ, ನೀರಿದೆ. ಆದರೂ ಏನೋ ಮರೆತಿದ್ದೇನೆ ಅನ್ನಿಸುತ್ತಲೇ ಇತ್ತು. ನಮ್ಮ ಯಜಮಾನರು ಹೊದಿಕೆಯೊಳಗಿಂದಲೇ, "ಮದುವೆಗೆ ಹೊರಟೋರು ಕೂಡ ಇಷ್ಟು ಒದ್ದಾಡಲ್ಲ ಕಣೇ" ಎಂದರು. ನಾನು ಚೀಲ ಹೆಗಲಿಗೇರಿಸಿದೆ. ಮದುವೆ ಮನೆಗೆ ಮಂಗೋಲಿಯಾದಿಂದ ಯಾರೂ ಬರುವುದಿಲ್ಲವಲ್ಲ!

ನಾನು ಮೈಸೂರಿನ ಹೆಬ್ಬಾಳದ ಒಂದು ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದವಳು. ಬಂದ ಬಿಡಿಭಾಗವನ್ನು ಬೆಳಕಿಗೆ ಹಿಡಿದು, ಬಿರುಕಿದೆಯೇ ಸವೆದಿದೆಯೇ ನೋಡಿ, ಸಹಿ ಹಾಕುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷದಿಂದ ಅದೇ. ರಜೆ ಸಿಕ್ಕರೆ ಕೆರೆಗಳಿಗೆ ಹೋಗಿ ಹಕ್ಕಿ ಎಣಿಸುವುದು ನನ್ನ ಹುಚ್ಚು. ಐದು ವರ್ಷದ ಹಿಂದೆ ನಂಜನಗೂಡಿನ ಕಡೆಯ ಹದಿನಾರು ಎಂಬ ಊರಿನ ಕೆರೆಯಲ್ಲಿ ಒಂದು ಪಟ್ಟೆತಲೆ ಹೆಬ್ಬಾತಿನ ಕುತ್ತಿಗೆಯಲ್ಲಿ ಹಸಿರು ಪ್ಲಾಸ್ಟಿಕ್ ಪಟ್ಟಿ ಕಂಡಿದ್ದೆ. ಬಿಳಿ ಅಕ್ಷರದಲ್ಲಿ ಕೆ 47 ಎಂದು ಬರೆದಿತ್ತು. ಎಲ್ಲೆಲ್ಲೋ ವಿಳಾಸ ಹುಡುಕಿ ಈಮೇಲ್ ಹಾಕಿದೆ. ಎರಡೇ ದಿನಕ್ಕೆ ಉತ್ತರ ಬಂತು: "ಆ ಪಟ್ಟಿ ತೊಡಿಸಿದವಳು ನಾನೇ. ಹಕ್ಕಿಯನ್ನು ಮಡಿಲಲ್ಲಿ ಹಿಡಿದುಕೊಂಡಿದ್ದವರು ನನ್ನ ತಂದೆ. ಅದು ಅವರ ಕಡೆಯ ಬೇಸಿಗೆ." ಕೆಳಗೆ ಓಯುನಾ, ಮಂಗೋಲಿಯಾ ಎಂದಿತ್ತು. ಅದನ್ನು ಓದಿ ನಾನು ಅಡಿಗೆಮನೆಯಲ್ಲಿ ನಿಂತಲ್ಲೇ ಕುಣಿದಿದ್ದೆ.

ಆಮೇಲೆ ಮೂರು ಚಳಿಗಾಲ ಕೆ 47 ಬಂತು, ನಾನು ನೋಡಿದೆ, ಬರೆದೆ. ಹೋದ ವರ್ಷ ಮಾತ್ರ ಒಂದು ತಪ್ಪು ಮಾಡಿದೆ. ಸಂಕ್ರಾಂತಿ ಹೊತ್ತಿಗೆ ಕಾರ್ಖಾನೆಯಲ್ಲಿ ಮೂರು ಭಾನುವಾರ ರಜೆ ಕೊಡಲಿಲ್ಲ. ಕೆರೆ ಏರಿ ಮೇಲೆ ಆಡು ಮೇಯಿಸುವ ಚಿಕ್ಕತಾಯಮ್ಮನಿಗೆ ಫೋನ್ ಮಾಡಿದೆ. "ಬಂದದೆ ಕಣವ್ವ, ಪಟ್ಟಿ ಬಾತು" ಎಂದಳು. ಅಷ್ಟು ಸಾಕೆಂದು ವರದಿಯ ಫಾರಂನಲ್ಲಿ "ಕಣ್ಣಾರೆ ಕಂಡೆ" ಎಂಬ ಕಾಲಂನಲ್ಲಿ ನನ್ನ ಹೆಸರು ಹಾಕಿ ಮಂಗೋಲಿಯಾಕ್ಕೆ ಕಳಿಸಿಬಿಟ್ಟೆ. ನೋಡದೆ ಸಹಿ! ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ನಾನು ಮೊದಲ ದಿನವೇ ಬೇಡ ಅಂತ ಹೇಳಿಕೊಡುವುದು ಅದನ್ನೇ. ಈ ವರ್ಷ ಹಕ್ಕಿ ಇನ್ನೂ ಕಂಡಿರಲಿಲ್ಲ, ಓಯುನಾಳೇ ಬಂದಿಳಿದಿದ್ದಳು. ಸತ್ಯ ಹೇಳಲು ನನಗೆ ಬಾಯಿ ಬಂದಿರಲಿಲ್ಲ.

ವಲಸೆ ಹಕ್ಕಿಗಳು ಹಾರುವ ದಾರಿಯನ್ನು ಕಾಪಾಡುವ ಬಗ್ಗೆ ಆ ವಾರ ಮೈಸೂರಿನಲ್ಲಿ ಒಂಬತ್ತು ದೇಶದವರ ಸಭೆ ನಡೆದಿತ್ತು. ನಾನೂ ಒಂದು ದಿನ ಹೋಗಿ ಹಿಂದಿನ ಸಾಲಿನಲ್ಲಿ ಕೂತಿದ್ದೆ. ನಕ್ಷೆಯ ಮೇಲೆ ಗೆರೆ ಎಳೆದರು, ನಿರ್ಣಯ ಓದಿದರು, ಒಂದು ಅಲ್ಪವಿರಾಮಕ್ಕೆ ಅರ್ಧ ಗಂಟೆ ವಾದಿಸಿದರು. ನನಗೆ ಆಕಳಿಕೆ. ಚಹಾ ಬಿಡುವಿನಲ್ಲಿ ಒಬ್ಬ ಗಟ್ಟಿಮುಟ್ಟಾದ ಹೆಂಗಸು ನನ್ನ ಎದೆಯ ಮೇಲಿನ ಹೆಸರುಚೀಟಿ ಓದಿ ಕಿರುಚಿ, ನನ್ನನ್ನು ತಬ್ಬಿಕೊಂಡು ನೆಲದಿಂದ ಮೇಲೆತ್ತಿಬಿಟ್ಟಳು. ಅವಳೇ ಓಯುನಾ. "ನನಗೆ ಭಾನುವಾರ ಒಂದು ದಿನ ಬಿಡುವಿದೆ. ಕೆ 47 ಅನ್ನು ತೋರಿಸುತ್ತೀಯಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ತೋರಿಸುತ್ತೇನೆ ಎಂದುಬಿಟ್ಟೆ.

ಯಾದವಗಿರಿಯ ಅತಿಥಿಗೃಹದ ಗೇಟಿನಲ್ಲಿ ಅವಳು ತೆಳ್ಳಗಿನ ಅಂಗಿಯಲ್ಲಿ ನಿಂತಿದ್ದಳು. ನಾನು ಸ್ವೆಟರು, ಮಫ್ಲರು, ಕಾಲುಚೀಲ. "ಇದು ಚಳಿಯಾ?" ಎಂದು ನನ್ನನ್ನು ನೋಡಿ ನಕ್ಕಳು. ರೈಲ್ವೆ ನಿಲ್ದಾಣದ ಹತ್ತಿರ ಹೆಬ್ಬಾಳಕ್ಕೆ ಹೋಗುವ ನಮ್ಮ ಕಾರ್ಖಾನೆಯ ಬಸ್ಸು ಎದುರಾಯಿತು. ಭಾನುವಾರವೂ ದುಡಿಯಲು ಹೊರಟಿದ್ದ ಗೆಳತಿಯರಿಗೆ ನಾನು ಆಟೋದಿಂದ ಕೈ ಬೀಸಿದ್ದೇ ಬೀಸಿದ್ದು, ಓಯುನಾಳೂ ಬೀಸಿದಳು.

ಬಸ್ ನಿಲ್ದಾಣದಲ್ಲಿ ಸೆಟ್ ದೋಸೆ, ಸಾಗು ತಿಂದೆವು. ಓಯುನಾ ಎರಡು ಸೆಟ್ ಮುಗಿಸಿದಳು. ಆರೂಮುಕ್ಕಾಲಿನ ಬಸ್ಸು ಹತ್ತಿದ ಮೇಲೆ ಕಂಡಕ್ಟರ್ ನನ್ನ ಆಧಾರ್ ನೋಡಿ ಹೆಂಗಸರ ಉಚಿತ ಟಿಕೆಟ್ ಹರಿದು, "ಅವರ ಆಧಾರ್ ತೋರ್ಸಿ ಮೇಡಂ" ಎಂದರು.

"ಅವರು ಮಂಗೋಲಿಯಾದವರು ಕಣ್ರೀ. ಹದಿನಾರಿನ ಬಾತು ನೋಡೋಕೆ ಬಂದಿದ್ದಾರೆ."

"ಹಂಗಾದ್ರೆ ಅವರ್ದು ಮೂವತ್ತು ರೂಪಾಯಿ."

ಮುಂದಿನ ಸೀಟಿನ ಹೂವಿನ ಬುಟ್ಟಿಯ ಹೆಂಗಸು ತಿರುಗಿ, "ಅಲ್ಲ ಕಣಪ್ಪ, ಆ ಬಾತ್ಗೋಳು ವರ್ಷಾ ವರ್ಷಾ ಬಿಟ್ಟಿ ಬಂದೋಯ್ತವೆ, ಈವಮ್ಮನ್ಗೆ ಮಾತ್ರ ಟಿಕೀಟಾ?" ಎಂದಳು. ಬಸ್ಸೆಲ್ಲ ನಕ್ಕಿತು. ಅನುವಾದ ಮಾಡಿ ಹೇಳಿದಾಗ ಓಯುನಾ ಎಲ್ಲರಿಗಿಂತ ಜೋರಾಗಿ ನಕ್ಕಳು. ಹೂವಿನ ಹೆಂಗಸು ಅವಳಿಗೆ ಒಂದು ಮೊಳ ಸೇವಂತಿಗೆ ಕೊಟ್ಟು ಹಣ ಬೇಡವೆಂದಳು.

ನಂಜನಗೂಡು ರಸ್ತೆ ಬಿಟ್ಟು ಒಳಗೆ ತಿರುಗಿದ ಮೇಲೆ ಎರಡೂ ಕಡೆ ಕಟಾವಾದ ಗದ್ದೆಗಳು, ಮಂಜು. ದಾರಿಯಲ್ಲಿ ಓಯುನಾ ಪಟ್ಟಿ ತೊಡಿಸುವ ಕ್ರಮ ವಿವರಿಸಿದಳು. ಜುಲೈಯಲ್ಲಿ ಈ ಬಾತುಗಳ ರೆಕ್ಕೆಗರಿಗಳೆಲ್ಲ ಒಟ್ಟಿಗೇ ಉದುರಿ ಕೆಲವು ವಾರ ಹಾರಲಾರವಂತೆ. ಆಗ ದೋಣಿಗಳಲ್ಲಿ ನಿಧಾನವಾಗಿ ದಡದ ಬಲೆಯತ್ತ ಅಟ್ಟಿ ಹಿಡಿಯುತ್ತಾರೆ. ಅಪ್ಪ ಕುರಿ ಸಾಕುವವರು, ಹಕ್ಕಿಯ ತಲೆಯನ್ನು ಕಂಕುಳಲ್ಲಿ ಅವುಚಿಕೊಂಡು ಹಾಡು ಗುನುಗುತ್ತಿದ್ದರು. ಇವಳು ಪಟ್ಟಿಯ ಅಂಚು ಅಂಟಿಸಿ ಬೆರಳಲ್ಲಿ ಒತ್ತಿ ಹಿಡಿಯುತ್ತಿದ್ದಳು. "ಕೆ 47 ಅಪ್ಪನ ಕೈ ಕಚ್ಚಿತು. ಆ ಗಾಯ ಮಾಯುವ ಮೊದಲೇ ಅಪ್ಪ ಹೋದರು. ನೀನು ಪ್ರತಿ ವರ್ಷ ಬರೆದಾಗ ಅಮ್ಮನಿಗೆ ಓದಿ ಹೇಳುತ್ತೇನೆ. ಈ ಸಲ ಬಂತಾ ಅಂತ ಅವಳು ಆಗಲೇ ಕೇಳುತ್ತಿದ್ದಾಳೆ" ಎಂದಳು. ನಾನು ಕಿಟಕಿಯ ಕಡೆ ತಿರುಗಿದೆ. ನಾಚಿಕೆಯಾಗಿ ಕಿವಿ ಬಿಸಿಯಾಗಿತ್ತು.

ಎಂಟು ಗಂಟೆಗೆ ಕೆರೆ ಏರಿ ಹತ್ತಿದೆವು. ಅಬ್ಬಾ! ರಾತ್ರಿಯೆಲ್ಲ ಗದ್ದೆಗಳಲ್ಲಿ ಮೇಯ್ದ ಬಾತುಗಳು ಹಗಲು ನಿದ್ದೆಗೆ ಕೆರೆಗೆ ಮರಳುವ ಹೊತ್ತು ಅದು. ಗುಂಪು ಗುಂಪಾಗಿ ಕೂಗುತ್ತ ಬಂದು, ಕಾಲು ಮುಂದೆ ಚಾಚಿ ನೀರಿಗೆ ಇಳಿಯುತ್ತಿದ್ದವು. ಬಿಳಿ ತಲೆ, ಹಿಂದೆ ಎರಡು ಕಪ್ಪು ಪಟ್ಟೆ. ಓಯುನಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ತನ್ನ ಊರಿನಲ್ಲಿ ಅವಳು ಇವು ಹೊರಡುವುದನ್ನೇ ನೋಡಿದವಳು. ಬಂದಿಳಿದ ಜಾಗವನ್ನು ನೋಡಿದ್ದು ಅದೇ ಮೊದಲು.

ಮೂರು ಗಂಟೆ ಒಂದೊಂದೇ ಕುತ್ತಿಗೆ ನೋಡಿದೆವು. ಒಮ್ಮೆ ನಾನು "ಹಸಿರು! ಹಸಿರು!" ಎಂದು ಕೂಗಿ ಅವಳ ರಟ್ಟೆ ಹಿಡಿದು ಜಗ್ಗಿದೆ. ಆ ಬಾತು ತಲೆ ಕೊಡವಿತು, ಕುತ್ತಿಗೆಗೆ ಅಂಟಿದ್ದ ಜೊಂಡಿನ ಎಲೆ ನೀರಿಗೆ ಬಿತ್ತು. ಸುಮಾರು ನಾನೂರು ಹಕ್ಕಿ, ಪಟ್ಟಿ ಒಂದಕ್ಕೂ ಇಲ್ಲ. ಹನ್ನೊಂದು ಗಂಟೆಗೆ ಓಯುನಾ ದುರ್ಬೀನು ಕೆಳಗಿಟ್ಟು, "ವಯಸ್ಸಾಗಿತ್ತೇನೋ" ಎಂದಷ್ಟೇ ಹೇಳಿದಳು.

ಅಷ್ಟರಲ್ಲಿ ಚಿಕ್ಕತಾಯಮ್ಮ ಆಡುಗಳನ್ನು ಹೊಡೆದುಕೊಂಡು ಬಂದಳು. ನನಗಿಂತ ಐದಾರು ವರ್ಷ ದೊಡ್ಡವಳು, ಬಾಯಿ ತುಂಬ ಮಾತು. ಓಯುನಾಳನ್ನು ಮೇಲಿಂದ ಕೆಳಗೆ ನೋಡಿ, "ಯಾರವ್ವ ಇವ್ರು?" ಎಂದಳು.

"ಪಟ್ಟಿ ಬಾತಿಗೆ ಪಟ್ಟಿ ಹಾಕಿದವರು ಇವರೇ. ಅದನ್ನ ನೋಡೋಕೇ ಬಂದಿದ್ದಾರೆ. ಅವರ ಅಪ್ಪ ಹಿಡಿದಿದ್ದ ಹಕ್ಕಿಯಂತೆ, ಅಪ್ಪ ಈಗಿಲ್ಲ."

ಚಿಕ್ಕತಾಯಮ್ಮ ಕೋಲಿನಿಂದ ನೆಲ ಕೆರೆದು, "ಮೊದ್ಲು ಉಣ್ಣಕ್ಕೆ ಬನ್ನಿ" ಎಂದಳು.

ಅವಳ ಜಗಲಿಯಲ್ಲಿ ರಾಗಿ ರೊಟ್ಟಿ, ಹಿತಕಿದವರೆ ಸಾರು. ಓಯುನಾ ತನ್ನ ಚೀಲದಿಂದ ಒಣಗಿಸಿದ ಮೊಸರಿನ ಗಟ್ಟಿ ತುಂಡು ತೆಗೆದುಕೊಟ್ಟಳು. ಅದನ್ನು ಕಡಿದು ಚಿಕ್ಕತಾಯಮ್ಮ, "ಅಯ್ಯೋ ಕಲ್ಲು ಕಣವ್ವ ಇದು! ಇರೋದೇ ನಾಕು ಹಲ್ಲು" ಎಂದು ದವಡೆಗೆ ಒತ್ತಿಕೊಂಡಳು. ನಕ್ಕೆವು. ಆದರೆ ಅವಳು ತಾನು ಉಣ್ಣಲಿಲ್ಲ. ಒಳಗೆ ಹೋಗಿ ಒಂದು ಬಿಸ್ಕತ್ತಿನ ಡಬ್ಬಿ ತಂದಳು. ರೇಷನ್ ಕಾರ್ಡಿನ ಕೆಳಗಿಂದ ಬಟ್ಟೆಯ ಗಂಟು ತೆಗೆದು ಓಯುನಾಳ ಮುಂದೆ ಬಿಚ್ಚಿದಳು. ಹಸಿರು ಪಟ್ಟಿ. ಕೆ 47.

ಓಯುನಾ ಅದನ್ನು ಮುಟ್ಟಲಿಲ್ಲ, ಬಾಗಿ ಅಕ್ಷರಗಳನ್ನು ನೋಡಿದಳು.

"ಓದೊರ್ಸ ಸಂಕ್ರಾಂತಿ ಎದ್ರುಗೆ ಉರುಳಿಕಾಳ್ ಒಲದಲ್ಲಿ ಬಿದ್ದಿತ್ತು" ಎಂದಳು ಚಿಕ್ಕತಾಯಮ್ಮ, ನನ್ನ ಮುಖ ನೋಡದೆ. "ಬಾತು ಒಡ್ದೋಳು ನೀನೇ ಅಂತ ಯಾರಾರ ಇಡ್ಕೊಂಡೋದ್ರೆ ಅಂತ ಬಚ್ಚಿಟ್ಬುಟ್ಟೆ. ಎಂಟು ದಿನಕ್ಕೆ ನೀವು ಪೋನ್ ಮಾಡುದ್ರಿ. ಇಲ್ಲ ಅನ್ನಕ್ಕೆ ಬಾಯೇ ಬರ್ಲಿಲ್ಲ ಕಣವ್ವ. ನೀವು ಬರೋದೇ ಆ ಬಾತ್ಗೋಸ್ಕರ. ಅದಿಲ್ಲ ಅಂದ್ರೆ ನೀವೂ ಬರ್ದೆ ಓಯ್ತೀರಿ ಅಂತ ಸುಳ್ಳೇಳ್ಬುಟ್ಟೆ."

ಈಗ ಇದನ್ನು ಓಯುನಾಗೆ ನಾನು ಅನುವಾದ ಮಾಡಿ ಹೇಳಬೇಕು. ಹೇಳಿದೆ. ಚಿಕ್ಕತಾಯಮ್ಮನದನ್ನು ಹೇಳಿದ ಮೇಲೆ ನನ್ನದನ್ನು ಹೇಗೆ ನುಂಗಿಕೊಳ್ಳಲಿ? "ಅವಳದಕ್ಕಿಂತ ನನ್ನದೇ ದೊಡ್ಡ ತಪ್ಪು. ಹೋದ ವರ್ಷ ಕಣ್ಣಾರೆ ಕಂಡೆ ಅಂತ ಬರೆದೆನಲ್ಲ, ನಾನು ಕಂಡಿರಲಿಲ್ಲ. ಫೋನಿನಲ್ಲಿ ಕೇಳಿ ಬರೆದೆ" ಎಂದೆ. ಕಣ್ಣಲ್ಲಿ ನೀರು ಬಂತು. ಓಯುನಾ, "ಅಮ್ಮನಿಗೆ ಅದನ್ನೂ ಓದಿ ಹೇಳಿದ್ದೆ" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ನಗುವೂ ಇರಲಿಲ್ಲ.

ಏನು ಮಾಡಬೇಕೋ ತೋಚದೆ ನಾನು ಪಟ್ಟಿ ಕೈಗೆತ್ತಿಕೊಂಡೆ. ಇಪ್ಪತ್ತೆರಡು ವರ್ಷದ ಅಭ್ಯಾಸ, ಕೈ ತಾನಾಗಿಯೇ ಅದನ್ನು ಬೆಳಕಿಗೆ ಹಿಡಿಯಿತು. ಅಂಚು ನೋಡಿದೆ. ನೋಡಿ ಮತ್ತೆ ನೋಡಿದೆ. ಬೀಗದ ಕೈ ಗೊಂಚಲಿನಲ್ಲಿ ಸದಾ ಇರುವ ಪುಟ್ಟ ಭೂತಗನ್ನಡಿ ಹಿಡಿದು ಮೂರನೇ ಸಲ ನೋಡಿದ ಮೇಲೆ ಕೂತಲ್ಲಿಂದ ನೆಗೆದೆದ್ದೆ.

"ಓಯುನಾ! ಇದನ್ನ ಯಾರೂ ಕತ್ತರಿಸಿಲ್ಲ! ಹಲ್ಲಿನ ಗುರುತೂ ಇಲ್ಲ. ನೀನು ಅಂಟಿಸಿದ ಜಾಗ ನೋಡು, ಅಂಟು ಒಣಗಿ ಸೀಳು ಬಿಟ್ಟಿದೆ. ಸೀಳಿನ ಒಳಗೆ ಹಳೇ ಕೊಳೆ ಕೂತಿದೆ. ಅಂದರೆ ಒಂದೇ ದಿನ ಕಿತ್ತದ್ದಲ್ಲ, ವರ್ಷಗಟ್ಟಲೆ ನಿಧಾನವಾಗಿ ಬಿಟ್ಟುಕೊಂಡು ತಾನಾಗಿ ಕಳಚಿದೆ!"

ಅವಳು ಗಾಜು ಕಿತ್ತುಕೊಂಡು ನೋಡಿದಳು. ಆಮೇಲೆ ನನ್ನ ಮೂಲಕ ಚಿಕ್ಕತಾಯಮ್ಮನನ್ನು ಕೇಳಿದಳು: ಅಲ್ಲಿ ಪುಕ್ಕ ಬಿದ್ದಿತ್ತಾ? ಮೂಳೆ? ರಕ್ತ?

"ಒಂದ್ ಪುಕ್ಕಾನೂ ಇರ್ನಿಲ್ಲ. ಒಲ ಎಲ್ಲಾ ಉಡುಕ್ದೆ ಕಣವ್ವ. ಬಾತ್ಗಳು ಮೇದು ಎದ್ದೋಗಿದ್ವು, ಇದೊಂದು ಬಿದ್ದಿತ್ತು."

ಓಯುನಾ ಪಟ್ಟಿಯನ್ನು ಮುಷ್ಟಿಯಲ್ಲಿ ಹಿಡಿದು ಎದ್ದವಳೇ ಕೆರೆಯತ್ತ ಓಡಿದಳು. ಅವಳ ಹಿಂದೆ ನಾನು, ನನ್ನ ಹಿಂದೆ ಚಿಕ್ಕತಾಯಮ್ಮ, ಅವಳ ಹಿಂದೆ ಆಡುಗಳು. ಏರಿ ಮೇಲೆ ನಿಂತು ಏದುಸಿರು ಬಿಡುತ್ತ ಓಯುನಾ, "ಹಾಗಾದರೆ ಹೋದ ವರ್ಷ ಅದು ಬಂದಿತ್ತು. ಈಗಲೂ ಇಲ್ಲೇ ಇರಬಹುದು, ಬರಿಗುತ್ತಿಗೆಯಲ್ಲಿ!" ಎಂದಳು. ನಗುತ್ತ ಅಳುತ್ತಿದ್ದಳು. "ಯಾವುದು?" ಎಂದೆ ನಾನು ಪೆದ್ದಿಯ ಹಾಗೆ. "ಗೊತ್ತಾಗಲ್ಲ. ಇನ್ನು ಯಾವತ್ತೂ ಗೊತ್ತಾಗಲ್ಲ. ಎಲ್ಲವನ್ನೂ ನೋಡಬೇಕು" ಎಂದಳು.

ಸಂಜೆಯವರೆಗೂ ಎಲ್ಲವನ್ನೂ ನೋಡಿದೆವು. ಈ ಸಲ ಕುತ್ತಿಗೆಯಲ್ಲ, ಹಕ್ಕಿಗಳನ್ನು. ಆರು ಗಂಟೆಗೆ ಅವು ಮೇಯಲು ಎದ್ದಾಗ ಓಯುನಾ ಅಪ್ಪನ ಹಾಡನ್ನು ಸಣ್ಣಗೆ ಗುನುಗಿದಳು. ಚಿಕ್ಕತಾಯಮ್ಮ ನನ್ನ ಕಿವಿಯಲ್ಲಿ, "ಬೇಸ್ಗೇಲಿ ನಮ್ ಬಾತ್ಗಳು ಇವ್ರೂರ್ಗೆ ಓದ್ಮೇಲೆ, ಸುಕವಾಗ್ ಬಂದ್ವು ಅಂತ ಒಂದ್ ಮಾತು ತಿಳ್ಸಕ್ಕೆ ಏಳಿ" ಎಂದಳು. ಹೇಳಿದೆ. ಓಯುನಾ ಅವಳನ್ನೂ ತಬ್ಬಿ ನೆಲದಿಂದ ಎತ್ತಿದಳು. "ಬುಡವ್ವೋ, ಬುಡು!" ಎಂದು ಚಿಕ್ಕತಾಯಮ್ಮ ಕಾಲು ಬಡಿದಳು.

ಕಡೆಯ ಬಸ್ಸಿನಲ್ಲಿ ಮೈಸೂರಿಗೆ ವಾಪಸ್ಸಾಗುವಾಗ ಮೊಬೈಲಿನಲ್ಲಿ ವರದಿಯ ಫಾರಂ ತೆರೆದೆ. ಹೋದ ವರ್ಷದ್ದರಲ್ಲಿ ನನ್ನ ಹೆಸರು ತೆಗೆದೆ. ಹೊಸದರಲ್ಲಿ ಬರೆದೆ: ಪಟ್ಟಿ ಸಿಕ್ಕಿದೆ, ತಾನಾಗಿ ಕಳಚಿದ್ದು. ಸಿಕ್ಕಿದ್ದು ಚಿಕ್ಕತಾಯಮ್ಮನಿಗೆ. ಹಕ್ಕಿಯನ್ನು ಗುರುತಿಸಲಾಗಿಲ್ಲ. ಓಯುನಾಗೆ ತೋರಿಸಿದೆ. ಅವಳು ಎರಡು ಸಲ ಓದಿ, "ಇದನ್ನು ಅಮ್ಮನಿಗೆ ಓದಿ ಹೇಳಬಹುದು" ಎಂದಳು. ಯಾದವಗಿರಿಯ ಗೇಟಿನಲ್ಲಿ ಇಳಿದಾಗ ಅವಳ ಮುಡಿಯಲ್ಲಿ ಬಾಡಿದ ಸೇವಂತಿಗೆ ಹಾಗೇ ಇತ್ತು.

ಏಪ್ರಿಲ್‌ನಲ್ಲಿ ಒಂದು ಚಿತ್ರ ಬಂತು. ಅರ್ಧ ಕರಗಿದ ಹಿಮದ ಕೆರೆ, ಅದರ ಅಂಚಿನಲ್ಲಿ ಪಟ್ಟೆತಲೆಗಳ ಸಾಲು. ಕೆಳಗೆ ಒಂದೇ ಸಾಲು: "ಚಿಕ್ಕತಾಯಮ್ಮನಿಗೆ ಹೇಳು, ಬಂದವು." ಫೋನಿನಲ್ಲಿ ಹೇಳಿಬಿಡಬಹುದಿತ್ತು. ಮುಂದಿನ ಭಾನುವಾರ ಅದೇ ಆರೂಮುಕ್ಕಾಲಿನ ಬಸ್ಸು ಹತ್ತಿದೆ. ಕೆರೆಯಲ್ಲಿ ನೀರು ಇಳಿದಿತ್ತು, ಒಂದು ಬಾತೂ ಇರಲಿಲ್ಲ. ಏರಿ ಮೇಲೆ ಆಡುಗಳ ನಡುವೆ ನಿಂತಿದ್ದ ಚಿಕ್ಕತಾಯಮ್ಮ ನನ್ನನ್ನು ನೋಡಿ ಕಣ್ಣಿಗೆ ಕೈ ಅಡ್ಡ ಹಿಡಿದಳು.

"ಇದ್ಯಾಕವ್ವ ಬಂದ್ರಿ? ಬಾತೇ ಇಲ್ವಲ್ಲ!"

"ನಿಮ್ಮನ್ನ ನೋಡೋಕೆ ಬಂದೆ" ಎಂದೆ.